ಫೂಟ್ ಸಾಹೇಬರು ಮತ್ತು ಸರಗೂರಿನ ಕಲ್ಲು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯಿಂದ ಬಂದ ನಾವೆಲ್ಲ ಕ್ರಸ್ಟ್, ಮ್ಯಾಂಟಲ್, ಕೋರ್ ಅಂತ ಬಾಯಿಪಾಠ ಮಾಡಿದವರೇ. ಆದರೆ ನಮ್ಮ ನಾಡಿನ ಕ್ರಸ್ಟನ್ನು ಮೊದಮೊದಲು ಓದಿದವರಲ್ಲಿ ಒಬ್ಬರಾದ ರಾಬರ್ಟ್ ಬ್ರೂಸ್ ಫೂಟ್ ನಮಗೆ ಅಷ್ಟಾಗಿ ಗೊತ್ತಿಲ್ಲ.

1834ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಇವರು 1858ರಲ್ಲಿ ಭಾರತದ ಭೂವೈಜ್ಞಾನಿಕ ಸರ್ವೇಕ್ಷಣೆಗೆ ಸೇರಿದರು. 1863ರಲ್ಲಿ ಮದ್ರಾಸಿನ ಹತ್ತಿರದ ಪಲ್ಲಾವರಂನಲ್ಲಿ ಇವರಿಗೆ ಶಿಲಾಯುಗದ ಆಯುಧ ಸಿಕ್ಕಿ ದೊಡ್ಡ ಹೆಸರಾಯ್ತು. ಆದ್ರೆ ದಿನನಿತ್ಯದ ಕೆಲಸ ಬಂಡೆ ನೋಡೋದೇ. ಭೂಕಂಪದ ಅಲೆಗಳಿಂದ ಕ್ರಸ್ಟಿನ ತಳವನ್ನು ಮೊಹೊರೊವಿಚಿಚ್ ಕಂಡುಕೊಂಡಿದ್ದು 1909ರ ಭೂಕಂಪದ ನಂತರ. ಫೂಟ್ ಅವರಿಗೆ ಇದ್ದದ್ದು ಸುತ್ತಿಗೆ ಮತ್ತು ಕಣ್ಣು.

1880ರ ದಶಕದಲ್ಲಿ ಅವರು ಇಲ್ಲಿಯ ಶಿಸ್ಟ್ ಶಿಲೆಗಳಿಗೆ ಧಾರವಾಡ ಅಂತ ಹೆಸರಿಟ್ಟರು. ಅವು ಹಳೆಯ ನೈಸ್ ಬಂಡೆಯ ಮೇಲೆ (ನೈಸ್ ರೋಡ್ ಅಲ್ಲ, ಪಟ್ಟೆ ಪಟ್ಟೆ ಕಲ್ಲು!) ಕೂತಿವೆ ಅನ್ನೋದು ಅವರ ವಾದ. 1894ರಲ್ಲಿ ಶುರುವಾದ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಗೆ ಅವರೇ ಮೊದಲ ಮುಖ್ಯಸ್ಥರು.

ಅವರ ನಂತರ ಬಂದ ಸ್ಮೀತ್ ಇದನ್ನು ಒಪ್ಪಲಿಲ್ಲ. ಶಿಸ್ಟೇ ಹಳೆಯದು, ನೈಸ್ ಆಮೇಲೆ ಕರಗಿ ಅದರೊಳಗೆ ನುಗ್ಗಿದ್ದು ಅಂದರು. ಬಹಳ ಕಾಲ ಈ ಮಾತೇ ನಡೀತು. 1912ರಲ್ಲಿ ಫೂಟ್ ತೀರಿಕೊಂಡರು.

ಈ ಗಂಟು ಬಿಡಿಸೋಕೆ ನೆರವಾದದ್ದು ನಮ್ಮ ಕೋಟೆ ಕಡೆಯ ಸರಗೂರಿನ ಕಲ್ಲು. ಇದು ಧಾರವಾಡದ್ದಲ್ಲ, 300 ಕೋಟಿ ವರ್ಷಕ್ಕೂ ಹಳೆಯ ಬೇರೆ ಗುಂಪು ಅಂತ 1970ರ ದಶಕದಲ್ಲಿ ವಿಜ್ಞಾನಿಗಳು ಗುರುತಿಸಿದರು. ಸರಗೂರಿನ ಶಿಸ್ಟ್‌ನೊಳಗೆ ನೈಸ್ ನುಗ್ಗಿದೆ. ಧಾರವಾಡದ ಶಿಸ್ಟ್ ನೈಸ್ ಮೇಲೆ ಕೂತಿದೆ. ಅಂದ್ರೆ ಇಬ್ಬರೂ ಅರ್ಧರ್ಧ ಸರಿ. ಸೋತಂತೆ ಕಂಡ ಫೂಟ್ ಸಾಹೇಬರ ಮಾತು ಹೀಗೆ ಮತ್ತೆ ನಿಂತುಕೊಂಡಿತು.