ಮಲಪ್ರಭೆಯ ತೀರದ ಶಿವಯೋಗಿ

ಬಾದಾಮಿಯ ಕೆಂಗಲ್ಲ ಬೆಟ್ಟಗಳನ್ನು ಏರಿದ ಯಾತ್ರಿಕನಿಗೆ ವೈಭವವೂ ಅಳಿವೂ ಒಂದೇ ನೋಟದಲ್ಲಿ ಕಾಣುತ್ತವೆ. ಕ್ರಿ.ಶ. 578ರಲ್ಲಿ ಮಂಗಲೇಶನು ಪೂರೈಸಿದ ಗುಹಾಲಯವು ಇಂದಿಗೂ ನಿಂತಿದೆ; ಅದನ್ನು ಕಡೆಯಿಸಿದ ಚಲುಕ್ಯರ ಸಿಂಹಾಸನ ಮಾತ್ರ ಉಳಿದಿಲ್ಲ. ಬೆಟ್ಟದ ಕಾಲುದಾರಿಯಲ್ಲಿ ನಡೆದರೆ ಮಹಾಕೂಟದ ಗುಡಿಗಳೂ ತಿಳಿನೀರ ಪುಷ್ಕರಿಣಿಯೂ ಎದುರಾಗುತ್ತವೆ. ಹೊಳೆಯ ಗುಂಟ ಪಟ್ಟದಕಲ್ಲು, ಐಹೊಳೆಗಳಲ್ಲಿ ದೀಪವಿಲ್ಲದ ದೇಗುಲಗಳು ಎಷ್ಟೋ.

ಹಾನಗಲ್ಲ ಶ್ರೀ ಕುಮಾರ ಶಿವಯೋಗಿಗಳು 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದುದು ಈ ಬೆಟ್ಟಗಳ ನಡುವೆಯೇ, ಮಲಪ್ರಭೆಯ ದಡದಲ್ಲಿ. ಇಳಕಲ್ಲಿನ ಶ್ರೀ ವಿಜಯ ಮಹಾಂತ ಶಿವಯೋಗಿಗಳ ಒತ್ತಾಸೆ ಅವರಿಗಿತ್ತು.

ಶ್ರೀಗಳು 1867ರಲ್ಲಿ ರಾಣೇಬೆನ್ನೂರು ಸೀಮೆಯ ಜೋಯಿಸರ ಹರಳಹಳ್ಳಿಯಲ್ಲಿ ಬಡ ಜಂಗಮ ಮನೆತನದಲ್ಲಿ ಜನಿಸಿದರು. ಹಾಲಯ್ಯನೆಂಬುದು ಬಾಲ್ಯದ ಹೆಸರು. ಹಾನಗಲ್ಲ ವಿರಕ್ತಮಠದ ಅಧಿಕಾರ ಹೊತ್ತ ಮೇಲೆ ಅವರು ಮಠದ ಗೋಡೆಯೊಳಗೆ ಕುಳಿತಿರಲಿಲ್ಲ. 1904ರಲ್ಲಿ ಧಾರವಾಡದಲ್ಲಿ ವೀರಶೈವ ಮಹಾಸಭೆಯನ್ನು ಕೂಡಿಸಿದರು. ಊರೂರು ಸಂಚರಿಸುವಾಗ ಅವರನ್ನು ಕಾಡಿದ ಚಿಂತೆ ಒಂದೇ. ಮಠಗಳಿಗೆ ಕಟ್ಟಡವುಂಟು, ಗದ್ದುಗೆಯುಂಟು. ಭಕ್ತನ ಸಂಶಯವನ್ನು ಬಿಡಿಸಬಲ್ಲ, ಆಚಾರದಲ್ಲಿ ನಿಂತ ಜಂಗಮರು ಎಷ್ಟು ಮಂದಿ?

ಆದುದರಿಂದ ಅವರು ಮತ್ತೊಂದು ದೇಗುಲವನ್ನು ಕಟ್ಟಿಸಲಿಲ್ಲ. ಪೇಟೆಯ ಸದ್ದು ತಲುಪದ ಆ ನಿರ್ಜನ ಸ್ಥಳದಲ್ಲಿ ವಟುಗಳನ್ನು ಕೂಡಿಸಿ, ಸಂಸ್ಕೃತ, ವಚನಶಾಸ್ತ್ರ, ಯೋಗ, ಸಂಗೀತಗಳ ಪಾಠಕ್ಕೆ ಏರ್ಪಾಡು ಮಾಡಿದರು. ತಾಡವೋಲೆಯ ಗ್ರಂಥಗಳನ್ನು ಸಂಗ್ರಹಿಸಿದರು. ಗೋಶಾಲೆಯನ್ನು ತೆರೆದು ಶುದ್ಧ ವಿಭೂತಿಯನ್ನು ಸಿದ್ಧಪಡಿಸುವ ಕಾಯಕವನ್ನು ನಡೆಸಿದರು. ಕಣ್ಣು ಕಾಣದ ಬಾಲಕ ಗದಿಗೆಯ್ಯನು ಪಂಚಾಕ್ಷರಿ ಗವಾಯಿಗಳಾಗಿ ಬೆಳಗಿದುದೂ ಇವರ ಕರುಣೆಯಿಂದಲೇ. ಇಷ್ಟಕ್ಕೂ ಆಧಾರ ಅರಸರ ಭಂಡಾರವಲ್ಲ, ಜೋಳಿಗೆ. ಗೃಹಸ್ಥರು ಕಾಳನ್ನೂ ಕಾಸನ್ನೂ ನೀಡಿದರು. ಕೆಲವರು ತಮ್ಮ ಮಕ್ಕಳನ್ನೇ ಒಪ್ಪಿಸಿದರು. ಹೆತ್ತ ಕರುಳಿಗೆ ಅದು ಸುಲಭದ ದಾಸೋಹವಲ್ಲ.

ಶ್ರೀಗಳು 1930ರಲ್ಲಿ ಲಿಂಗೈಕ್ಯರಾದರು. ಅವರ ಸಮಾಧಿ ಶಿವಯೋಗಮಂದಿರದಲ್ಲಿಯೇ ಇದೆ. ಅಲ್ಲಿ ಕಲಿತ ಸಾಧಕರು ನಾಡಿನ ಅನೇಕ ಮಠಗಳ ಹೊಣೆ ಹೊತ್ತರು.

ಮಂದಿರದ ಮುಂದೆ ಹರಿಯುವ ಮಲಪ್ರಭೆಯು ಪಟ್ಟದಕಲ್ಲು, ಐಹೊಳೆಗಳನ್ನು ದಾಟಿ, ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಅಣ್ಣನವರು ವಿದ್ಯೆ ಕಲಿತು, ಕಡೆಗೆ ಐಕ್ಯರಾದ ನೆಲೆ ಅದು. ಸ್ಥಾವರಕ್ಕಿಂತ ಜಂಗಮವೇ ಹಿರಿದೆಂಬ ಅವರ ತತ್ತ್ವವನ್ನು ಶಿವಯೋಗಿಗಳು ಅದೇ ಹೊಳೆಯ ದಡದಲ್ಲಿ ನಡೆದು ತೋರಿದರು. ಬಾದಾಮಿಯ ಶಿಲ್ಪವನ್ನು ಕಂಡು ಮರಳುವ ಭಕ್ತರು ಆ ಗದ್ದುಗೆಯ ಮುಂದೆಯೂ ಒಂದು ಗಳಿಗೆ ನಿಲ್ಲಬೇಕು. ಕಲ್ಲನ್ನು ಕಡೆದವರ ಕೀರ್ತಿಯನ್ನು ಬೆಟ್ಟ ಹೇಳುತ್ತದೆ. ಮನುಷ್ಯರನ್ನು ಕಡೆದವರ ಕೀರ್ತಿಯನ್ನು ನಮ್ಮ ಮನೆಗಳ ನಡೆಯೇ ಹೇಳಬೇಕು.