ಪಂಚರತ್ನಂ: ಬೆಳಕಿನ ಲೆಕ್ಕ ಬರೆದ ತರುಣ ವಿಜ್ಞಾನಿ

ಮೊದಲ ಲೇಸರ್ ಬೆಳಗಿದ್ದು 1960ರಲ್ಲಿ. ಅದಕ್ಕೂ 4 ವರ್ಷ ಮೊದಲೇ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ 22ರ ತರುಣರೊಬ್ಬರು ಬರೆದ ಲೆಕ್ಕವೊಂದು ಇಂದು ಲೇಸರ್ ಕಿರಣಗಳಿಗೆ ಬೇಕಾದ ರೂಪ ಕೊಡಲು ನೆರವಾಗುತ್ತಿದೆ. ಅವರೇ ಶಿವರಾಮಕೃಷ್ಣನ್ ಪಂಚರತ್ನಂ.

1934ರ ಫೆಬ್ರವರಿ 9ರಂದು ಕಲ್ಕತ್ತದಲ್ಲಿ ಜನಿಸಿದ ಅವರಿಗೆ ಸರ್ ಸಿ.ವಿ. ರಾಮನ್ ಸೋದರಮಾವ. ಅಣ್ಣಂದಿರಾದ ರಾಮಶೇಷನ್ ಮತ್ತು ಚಂದ್ರಶೇಖರ್ ಕೂಡ ಹೆಸರಾಂತ ಭೌತವಿಜ್ಞಾನಿಗಳು.

ಬೆಳಕಿನ ಅಲೆ ಯಾವ ದಿಕ್ಕಿನಲ್ಲಿ ಕಂಪಿಸುತ್ತದೆ ಎಂಬುದೇ ಧ್ರುವೀಕರಣ. ಅದರ ಎಲ್ಲ ಬಗೆಗಳನ್ನೂ ಒಂದು ಗೋಳದ ಮೇಲಿನ ಬಿಂದುಗಳಾಗಿ ಗುರುತಿಸಬಹುದು. ಹರಳುಗಳ ಅಧ್ಯಯನದಲ್ಲಿ ತೊಡಗಿದ್ದ ಪಂಚರತ್ನಂ ಕಂಡುಕೊಂಡ ಸತ್ಯವಿದು: ಬೆಳಕು ಒಂದು ಬಗೆಯಿಂದ ಹೊರಟು, ಬೇರೆ ಬಗೆಗಳನ್ನು ಹಾದು ಮೊದಲಿನದಕ್ಕೇ ಮರಳಿದರೂ ಅದರ ಏರಿಳಿತದ ಸರದಿ ಮೊದಲಿನಂತೆ ಇರುವುದಿಲ್ಲ. ಆ ಸುತ್ತು ಗೋಳದ ಕೇಂದ್ರದಲ್ಲಿ ರಚಿಸುವ ಘನಕೋನದ ಅರ್ಧದಷ್ಟು ವ್ಯತ್ಯಾಸ ಉಳಿದುಬಿಡುತ್ತದೆ.

1956ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾದ ಈ ಲೇಖನವನ್ನು ಹೊರಜಗತ್ತು ಬಹುಕಾಲ ಗಮನಿಸಲೇ ಇಲ್ಲ. ಪಂಚರತ್ನಂ ಕೆಲಕಾಲ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಬೋಧಿಸಿ, 1964ರಲ್ಲಿ ಆಕ್ಸ್‌ಫರ್ಡ್‌ಗೆ ತೆರಳಿದರು. 1969ರ ಮೇ 28ರಂದು ಅಲ್ಲಿಯೇ ತೀರಿಕೊಂಡಾಗ ಅವರಿಗೆ ಕೇವಲ 35 ವರ್ಷ.

1984ರಲ್ಲಿ ಬ್ರಿಸ್ಟಲ್‌ನ ಮೈಕೆಲ್ ಬೆರಿ ಕ್ವಾಂಟಂ ಲೋಕದಲ್ಲಿ ಇದೇ ಬಗೆಯ ವ್ಯತ್ಯಾಸವನ್ನು ನಿರೂಪಿಸಿ ಪ್ರಸಿದ್ಧರಾದರು. ಎರಡು ವರ್ಷಗಳ ತರುವಾಯ ರಾಮಶೇಷನ್ ಮತ್ತು ರಾಜಾರಾಂ ನಿತ್ಯಾನಂದ ಅವರು ತಮ್ಮನ ಹಳೆಯ ಲೇಖನದತ್ತ ಬೆರಳು ತೋರಿದರು. ಬೆರಿ ಅದನ್ನು ಸಂಕೋಚವಿಲ್ಲದೆ ಒಪ್ಪಿ, 1987ರ ತಮ್ಮ ಪ್ರಬಂಧದ ಶೀರ್ಷಿಕೆಯಲ್ಲೇ ಪಂಚರತ್ನಂ ಹೆಸರಿಟ್ಟರು. ವಿಜ್ಞಾನದಲ್ಲಿ ಇಂತಹ ಔದಾರ್ಯ ಅಪರೂಪವೇ ಸರಿ.

ಇಂದು ತೆಳು ಫಲಕವೊಂದರಲ್ಲಿ ಕಣಕಣದ ಅಕ್ಷವನ್ನೂ ಬೇರೆ ಬೇರೆ ಕೋನಕ್ಕೆ ತಿರುಗಿಸಿಟ್ಟು ಲೇಸರ್ ಕಿರಣವನ್ನು ತಿದ್ದುತ್ತಾರೆ. ಕಂಪನವು ಚಕ್ರದ ಅರೆಕಾಲುಗಳಂತೆ ನಡುವಿನಿಂದ ಹೊರಕ್ಕೆ ಹರಡುವ ಕಿರಣವನ್ನೂ ಹೀಗೆ ಪಡೆಯಬಹುದು. ಪ್ರಬಲ ಮಸೂರದಿಂದ ಬಿಗಿಯಾಗಿ ಕೇಂದ್ರೀಕರಿಸಿದಾಗ ಅಂತಹ ಕಿರಣದ ನಾಭಿಯಲ್ಲಿ ವಿದ್ಯುತ್ ಕ್ಷೇತ್ರವು ಕಿರಣ ಸಾಗುವ ದಿಕ್ಕಿಗೇ ತಿರುಗಿ ನಿಲ್ಲುತ್ತದೆ. ಇಂತಹ ಫಲಕಗಳಿಗೆ ಹೆಚ್ಚಾಗಿ ಬಳಸುವುದು ದ್ರವಸ್ಫಟಿಕವನ್ನು. ಅಣ್ಣ ಚಂದ್ರಶೇಖರ್ ಹೆಸರು ಮಾಡಿದ್ದು ಅದೇ ಕ್ಷೇತ್ರದಲ್ಲಿ.