ಕಡೆಯ ಝಾರ್ ಚಕ್ರವರ್ತಿ

ಸಾಮ್ರಾಜ್ಯಗಳು ದುಷ್ಟರಾದ ಅರಸರಿಂದಲೇ ಹಾಳಾಗುವುವೆಂದು ಲೋಕವು ಸಾಮಾನ್ಯವಾಗಿ ನಂಬಿದೆ. ರಷ್ಯಾ ದೇಶದ ಕಡೆಯ ಚಕ್ರವರ್ತಿಯಾದ ಎರಡನೆಯ ನಿಕೋಲಸನ ಚರಿತ್ರೆಯು ಈ ನಂಬಿಕೆಯನ್ನು ತಿದ್ದತಕ್ಕದ್ದಾಗಿದೆ. ಆತನು ದೈವಭಕ್ತನು, ಮಿತಭಾಷಿ, ಮಡದಿಮಕ್ಕಳಲ್ಲಿ ಅತ್ಯಂತ ವಾತ್ಸಲ್ಯವುಳ್ಳವನು. ಆದರೂ 1613 ರಿಂದ ನಡೆದುಬಂದ ರೊಮಾನೊವ್ ವಂಶದ ದೊರೆತನವು ಆತನ ಕಾಲದಲ್ಲಿಯೇ ಕೊನೆಗೊಂಡಿತು.

1868 ರಲ್ಲಿ ಜನಿಸಿದ ನಿಕೋಲಸನು, ತಂದೆಯಾದ ಮೂರನೆಯ ಅಲೆಕ್ಸಾಂಡರನು 1894 ರಲ್ಲಿ ಕಾಲವಶನಾಗಲು, ತನ್ನ 26 ನೆಯ ವಯಸ್ಸಿನಲ್ಲಿ ಸಿಂಹಾಸನವನ್ನೇರಿದನು. ಮರುವರ್ಷವೇ, ರಾಜ್ಯಕಾರ್ಯದಲ್ಲಿ ತಮ್ಮ ಮಾತಿಗೂ ಕೊಂಚ ಎಡೆ ದೊರೆಯಲೆಂದು ಹಾರೈಸಿದ ಪ್ರಾಂತೀಯ ಸಭೆಗಳ ಪ್ರತಿನಿಧಿಗಳಿಗೆ, ಅದು ಅರ್ಥವಿಲ್ಲದ ಕನಸೆಂದು ಹೇಳಿ ಕಳುಹಿಸಿಬಿಟ್ಟನು. 1896 ರಲ್ಲಿ ಮಾಸ್ಕೋ ನಗರದ ಪಟ್ಟಾಭಿಷೇಕೋತ್ಸವದ ಸಮಯದಲ್ಲಿ, ಉಡುಗೊರೆಗಾಗಿ ಖೊದಿಂಕಾ ಬಯಲಿನಲ್ಲಿ ನೆರೆದ ಜನರು ನೂಕುನುಗ್ಗಲಿಗೆ ಸಿಕ್ಕಿ 1,300 ಕ್ಕೂ ಮಿಕ್ಕಿ ಸತ್ತರು. ಅದೇ ರಾತ್ರಿ ಚಕ್ರವರ್ತಿಯು ಫ್ರೆಂಚ್ ರಾಯಭಾರಿಯ ನೃತ್ಯೋತ್ಸವಕ್ಕೆ ದಯಮಾಡಿಸಿದನು. ಬಳಿಕ ಆಸ್ಪತ್ರೆಗೆ ಹೋಗಿ ಗಾಯಗೊಂಡವರನ್ನು ಸಂತೈಸಿದನಾದರೂ, ಜನರ ನೆನಪಿನಲ್ಲಿ ಉಳಿದುದು ನೃತ್ಯವೇ.

1905 ನೆಯ ಜನವರಿ 22 ರ ಭಾನುವಾರವು ಈ ಕಥೆಯ ಮರ್ಮಸ್ಥಾನವಾಗಿದೆ. ಆ ದಿನ ಸೇಂಟ್ ಪೀಟರ್ಸ್‌ಬರ್ಗಿನ ಕಾರ್ಮಿಕರು ಪಾದ್ರಿ ಗಪೋನನ ಮುಂದಾಳುತನದಲ್ಲಿ, ಹೆಂಡಿರುಮಕ್ಕಳೊಡನೆ, ದೇವರ ಪಟಗಳನ್ನೂ ಚಕ್ರವರ್ತಿಯ ಭಾವಚಿತ್ರಗಳನ್ನೂ ಹೊತ್ತು, ಬಿನ್ನವತ್ತಳೆಯೊಂದಿಗೆ ಅರಮನೆಯ ಕಡೆಗೆ ನಡೆದರು. ದಿನಕ್ಕೆ ಎಂಟು ಗಂಟೆಯ ದುಡಿಮೆ, ನ್ಯಾಯವಾದ ಕೂಲಿ, ಜನಪ್ರತಿನಿಧಿಗಳ ಸಭೆ, ಇವು ಅವರ ಪ್ರಾರ್ಥನೆಗಳಲ್ಲಿ ಸೇರಿದ್ದುವು. ಚಕ್ರವರ್ತಿಯು ಅರಮನೆಯಲ್ಲಿರಲಿಲ್ಲ. ಸೈನಿಕರು ಗುಂಡು ಹಾರಿಸಿದರು. ನೂರಾರು ಜನರು ಸತ್ತು ಗಾಯಗೊಂಡರು. ದೊರೆಯನ್ನು ತಂದೆಯೆಂದು ಭಾವಿಸಿದ್ದ ಪ್ರಜೆಗಳ ವಿಶ್ವಾಸವೂ ಅಂದೇ ಹತವಾಯಿತು.

ಆ ವರ್ಷದ ಅಕ್ಟೋಬರಿನಲ್ಲಿ ದೇಶವ್ಯಾಪಿಯಾದ ಮುಷ್ಕರಕ್ಕೆ ಅಂಜಿ ಆತನು ಶಾಸನಸಭೆಯನ್ನು ಕೊಡಲೊಪ್ಪಿದನು. ಡ್ಯೂಮಾ ಎಂಬ ಆ ಸಭೆಯು 1906 ರಲ್ಲಿ ಕೂಡಿ ಮೂರು ತಿಂಗಳು ತುಂಬುವುದರೊಳಗೆ ವಿಸರ್ಜಿತವಾಯಿತು. 1907 ರಲ್ಲಿ ಎರಡನೆಯದನ್ನೂ ವಿಸರ್ಜಿಸಿ, ಜಮೀನುದಾರರಿಗೆ ಅನುಕೂಲವಾಗುವಂತೆ ಚುನಾವಣೆಯ ಕಾನೂನನ್ನೇ ಬದಲಾಯಿಸಿದನು. ಹೀಗೆ ಭಯದಿಂದ ಕೊಟ್ಟುದನ್ನು ಭಯವು ತೀರಿದೊಡನೆ ಹಿಂದೆಗೆದುಕೊಂಡನು.

ಅಧಿಕಾರವನ್ನು ಹಂಚಿಕೊಳ್ಳಲೊಲ್ಲದವನು ಅಪಕೀರ್ತಿಯನ್ನೂ ಒಬ್ಬನೇ ಹೊರಬೇಕಾಗುತ್ತದೆ. ಮಹಾಯುದ್ಧದ ನಡುವೆ, 1915 ರಲ್ಲಿ, ಆತನು ಸೈನ್ಯಾಧಿಪತ್ಯವನ್ನು ತಾನೇ ವಹಿಸಿಕೊಂಡುದರಿಂದ ಪ್ರತಿಯೊಂದು ಸೋಲೂ ಆತನ ಸೋಲೇ ಆಯಿತು. ರಾಜಧಾನಿಯಲ್ಲಿ ರಾಣಿ ಅಲೆಕ್ಸಾಂಡ್ರಾಳ ಮಾತೇ ನಡೆಯತೊಡಗಿತು. ರಕ್ತವು ಹೆಪ್ಪುಗಟ್ಟದ ರೋಗದಿಂದ ನರಳುತ್ತಿದ್ದ ಒಬ್ಬನೇ ಮಗನ ಪ್ರಾಣಕ್ಕಾಗಿ ಆ ತಾಯಿಯು ರಾಸ್‌ಪುಟಿನ್ ಎಂಬ ಸಾಧುವೇಷಧಾರಿಯನ್ನು ನಂಬಿದ್ದಳು. ಆತನು 1916 ರಲ್ಲಿ ಕೊಲೆಯಾದನಾದರೂ ಸಿಂಹಾಸನದ ಗೌರವವು ಮರಳಲಿಲ್ಲ.

1917 ನೆಯ ಮಾರ್ಚಿನಲ್ಲಿ ರಾಜಧಾನಿಯ ಸ್ತ್ರೀಯರು ರೊಟ್ಟಿಗಾಗಿ ಬೀದಿಗಿಳಿದರು. ಅಡಗಿಸಬೇಕಾಗಿದ್ದ ಸೈನಿಕರು ಅವರೊಡನೆಯೇ ಸೇರಿದರು. 15 ನೆಯ ತಾರೀಖು ಪ್ಸ್ಕೋವ್ ಪಟ್ಟಣದಲ್ಲಿ, ರೈಲುಗಾಡಿಯೊಳಗೆ, ನಿಕೋಲಸನು ಸಿಂಹಾಸನತ್ಯಾಗದ ಪತ್ರಕ್ಕೆ ರುಜು ಹಾಕಿದನು. 1918 ನೆಯ ಜುಲೈ 16–17 ರ ನಡುರಾತ್ರಿ ಯೆಕಾಟೆರಿನ್‌ಬರ್ಗಿನ ಒಂದು ಮನೆಯ ನೆಲಮಾಳಿಗೆಯಲ್ಲಿ ಬೋಲ್ಷೆವಿಕರು ಆತನನ್ನೂ, ಪತ್ನಿಯನ್ನೂ, ನಾಲ್ವರು ಕುಮಾರಿಯರನ್ನೂ, ಬಾಲಕನಾದ ಮಗನನ್ನೂ, ಜೊತೆಗಿದ್ದ ವೈದ್ಯನನ್ನೂ, ಮೂವರು ಪರಿಚಾರಕರನ್ನೂ ವಿಚಾರಣೆಯಿಲ್ಲದೆ ಕೊಂದರು. ಅರಸನ ತಪ್ಪುಗಳೆಷ್ಟೇ ಇರಲಿ, ಮಕ್ಕಳು ಮಾಡಿದ ಅಪರಾಧವೇನು? ಈ ಕೃತ್ಯವನ್ನು ಯಾವ ನ್ಯಾಯವೂ ಸಮರ್ಥಿಸಲಾರದು.

ಬಿನ್ನವತ್ತಳೆ ಹಿಡಿದು ಬಾಗಿಲಿಗೆ ಬರುವ ಪ್ರಜೆಯಲ್ಲಿ ವಿಶ್ವಾಸವು ಇನ್ನೂ ಉಳಿದಿರುತ್ತದೆ. ಆ ಬಾಗಿಲನ್ನು ಮುಚ್ಚಿದ ಆಡಳಿತಕ್ಕೆ, ಮುಂದೆ ಅದನ್ನು ಮುರಿದು ಬರುವವರೊಡನೆ ಮಾತನಾಡಲು ಅವಕಾಶವಿರುವುದಿಲ್ಲ. ಅಧಿಕಾರದ ಸ್ಥಾನದಲ್ಲಿರುವವರೆಲ್ಲರೂ ಇದನ್ನು ಮನನ ಮಾಡಬೇಕು.